ಲೆಕ್ಕಕ್ಕೆ ಬಾರದ ಹುಡುಗಿಯರು

ಗಣಿತ ತಲೆಗೆ ಹತ್ತದ ಮಕ್ಕಳನ್ನು ಅಮೆರಿಕದ ಶಾಲೆಗಳು ಗುರುತಿಸತೊಡಗಿದಾಗ ಮೊದಲು ಕಣ್ಣಿಗೆ ಬಿದ್ದವರು ಗಂಡುಮಕ್ಕಳು. 1899ರಲ್ಲಿ ನ್ಯೂಯಾರ್ಕಿನ ಹೆನ್ರಿ ಸ್ಟ್ರೀಟಿನ ಸಾರ್ವಜನಿಕ ಶಾಲೆಯಲ್ಲಿ ಎಲಿಜಬೆತ್ ಫ್ಯಾರೆಲ್ ಶುರುಮಾಡಿದ ವಿಶೇಷ ತರಗತಿಯಲ್ಲಿ ಇದ್ದವರು ಹುಡುಗರೇ: ವಯಸ್ಸು ಮೀರಿದವರು, ಪಾಠ ಹಿಡಿಯದವರು, ತಂಟೆಕೋರರು. ಹತ್ತು ವರ್ಷದ ಬಳಿಕ ಸಂಶೋಧಕ ಲಿಯೊನಾರ್ಡ್ ಏರ್ಸ್ ಶಾಲೆಗಳ ದಾಖಲೆ ಕೂಡಿಸಿ ನೋಡಿದಾಗಲೂ ತರಗತಿಯಲ್ಲಿ ಹಿಂದೆ ಬಿದ್ದವರಲ್ಲಿ ಹುಡುಗರೇ ಹೆಚ್ಚಿದ್ದರು. ಹಾಗಾದರೆ ಹುಡುಗಿಯರ ಬುದ್ಧಿ ಚುರುಕಾಗಿತ್ತೆ? ನನಗನ್ನಿಸುವಂತೆ, ಅವರಿಂದ ಲೆಕ್ಕವನ್ನು ಯಾರೂ ಅಷ್ಟಾಗಿ ಬಯಸಿರಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವಳಿಗೆ ಮಗ್ಗಿ ಬಾರದಿದ್ದರೆ ತರಗತಿಯೇನೂ ಕೆಡುವುದಿಲ್ಲ.

ಇದು ಬರಿಯ ಊಹೆಯಲ್ಲ ಎನ್ನಲು ಮನೋವಿಜ್ಞಾನಿ ಲೆಟಾ ಹಾಲಿಂಗ್‌ವರ್ತ್ ಆಧಾರ ಕೊಡುತ್ತಾರೆ. ಬುದ್ಧಿಮಾಂದ್ಯರೆಂಬ ಶಂಕೆಯಿಂದ ನ್ಯೂಯಾರ್ಕಿನ ಪರೀಕ್ಷಾ ಕೇಂದ್ರಕ್ಕೆ ಕರೆತಂದ 1,000 ಮಂದಿಯ ವಿವರಗಳನ್ನು ಅವರು 1913ರಲ್ಲಿ ಪರಿಶೀಲಿಸಿದರು. ಒಟ್ಟಿನಲ್ಲಿ ಗಂಡಸರೇ ಹೆಚ್ಚು. ಆದರೆ ಮೂವತ್ತು ದಾಟಿದವರಲ್ಲಿ ಲೆಕ್ಕ ತಿರುವುಮುರುವಾಗುತ್ತದೆ, ಹೆಂಗಸರು ಹೆಚ್ಚು. ಹೊರಗೆ ದುಡಿಯಬೇಕಾದ ಹುಡುಗನ ಕೊರತೆ ಬೇಗ ಬಯಲಾಗುತ್ತದೆ, ಮನೆಗೆಲಸದ ಮರೆಯಲ್ಲಿ ಹುಡುಗಿಯದು ವರ್ಷಗಟ್ಟಲೆ ಮುಚ್ಚಿಹೋಗುತ್ತದೆ ಎಂಬುದು ಅವರ ತರ್ಕ. ಗಂಡಸರಲ್ಲಿ ಮೇಧಾವಿಗಳೂ ಮಂದರೂ ಸಹಜವಾಗಿಯೇ ಹೆಚ್ಚೆಂಬ ಅಂದಿನ ನಂಬಿಕೆಗೆ ಕೊಟ್ಟ ಉತ್ತರವಿದು. ಆ ನಂಬಿಕೆಯ ಪ್ರಬಲ ವಕ್ತಾರ ಥಾರ್ನ್‌ಡೈಕ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಹಾಲಿಂಗ್‌ವರ್ತ್ ಅವರಿಗೇ ಗುರು ಎಂಬುದನ್ನು ಮರೆಯಬಾರದು. ಕೆಲವು ಆನುವಂಶಿಕ ತೊಂದರೆಗಳು ಗಂಡುಮಕ್ಕಳನ್ನೇ ಹೆಚ್ಚು ಬಾಧಿಸುತ್ತವಲ್ಲ ಎಂದು ಆಕ್ಷೇಪಿಸಬಹುದು. ನಿಜವೇ. ಆದರೆ ಮೂವತ್ತರ ನಂತರ ಅನುಪಾತ ತಲೆಕೆಳಗಾಗುವುದನ್ನು ಅದು ವಿವರಿಸಲಾರದು.

ಹೀಗೆ ಗುರುತಿಗೆ ಸಿಕ್ಕ ಹುಡುಗಿಯ ಪಾಡಾದರೂ ಬೇರೆಯಿತ್ತೆ? ನ್ಯೂಜೆರ್ಸಿಯ ವೈನ್‌ಲ್ಯಾಂಡ್ ತರಬೇತಿ ಶಾಲೆಗೆ ಎಂಟರ ವಯಸ್ಸಿನಲ್ಲಿ ಸೇರಿದ ಎಮ್ಮಾ ವುಲ್ವರ್ಟನ್‌ಳನ್ನು ಅಲ್ಲಿನ ಮನೋವಿಜ್ಞಾನಿ ಹೆನ್ರಿ ಗೊಡಾರ್ಡ್ 1912ರ ಪುಸ್ತಕದಲ್ಲಿ 'ಡೆಬೊರಾ ಕ್ಯಾಲಿಕಾಕ್' ಎಂಬ ಹೆಸರಿನಿಂದ ಕುಖ್ಯಾತಳಾಗಿಸಿದ. ಇಪ್ಪತ್ತೆರಡರ ಆಕೆಗೆ ಬುದ್ಧಿಯಳೆಯುವ ಬಿನೆ ಪರೀಕ್ಷೆ ಒಂಬತ್ತರ ಬುದ್ಧಿವಯಸ್ಸು ಕೊಟ್ಟಿತು. ಶಾಲೆಯ ವರದಿಗಳಲ್ಲಿ ಲೆಕ್ಕ ದುರ್ಬಲ, ಹೊಲಿಗೆ ಮತ್ತು ಮರಗೆಲಸ ಸೊಗಸು. ಈ ಎರಡು ಷರಾಗಳು ಒಂದೇ ಪುಸ್ತಕದಲ್ಲಿರುವುದು ಗೊಡಾರ್ಡ್‌ಗೆ ವಿಚಿತ್ರವೆನಿಸಲಿಲ್ಲ. ಬಟ್ಟೆ ಅಳೆದು, ಅಂಚಿಗೆ ಬಿಟ್ಟು, ತೋಳಿಗೆ ತೋಳು ಸರಿಹೊಂದುವಂತೆ ಕತ್ತರಿಸುವುದು ಬರೀ ಕೈರೂಢಿ, ಅಮೂರ್ತ ಚಿಂತನೆಯಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಅಳತೆ ಬದಲಾದಾಗ ಕತ್ತರಿಸುವ ರೀತಿಯನ್ನೂ ಬದಲಿಸಬೇಕಾಗುತ್ತದೆ. ಅದು ಪ್ರಮಾಣದ ಅರಿವಿಲ್ಲದೆ ಆಗದು. ಹಾಗೆಂದು ಅವಳಿಗೆ ಬೀಜಗಣಿತ ಬರುತ್ತಿತ್ತೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿದ್ದ ಆ ಗಣಿತವನ್ನು ಹಲಗೆಯ ಗಣಿತಕ್ಕೆ ಏಣಿಯಾಗಿಸಲಿಲ್ಲ, ಹೆಣ್ಣಿನ ಕಸುಬೆಂದು ಅಲ್ಲಿಗೇ ಬಿಟ್ಟರು. (ಲೆಕ್ಕದಲ್ಲಿ ಹುಡುಗ ಫೇಲಾದರೆ ಟ್ಯೂಷನ್ನು, ಹುಡುಗಿ ಫೇಲಾದರೆ ಹೊಲಿಗೆ ಕ್ಲಾಸು: ನಮ್ಮೂರುಗಳಿಗೂ ಇದೇನು ಹೊಸದಲ್ಲ.) 1914ರಲ್ಲಿ ಎಮ್ಮಾಳನ್ನು ಅದೇ ಊರಿನ ಹೆಂಗಸರ ಸರ್ಕಾರಿ ಸಂಸ್ಥೆಗೆ ಸಾಗಿಸಿದರು. ಅವಳು ತೀರಿಕೊಂಡದ್ದು 1978ರಲ್ಲಿ.