ಕೃತಕ ಕೀಲು ಮತ್ತು ನೆಲದ ಮೇಲಿನ ಬದುಕು

ಹಾನಗಲ್ಲ ಸೀಮೆಯ ಬದುಕು ನೆಲವನ್ನು ನೆಚ್ಚಿದ ಬದುಕು. ಭತ್ತದ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವುದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದು, ಪದ್ಮಾಸನದಲ್ಲಿ ಲಿಂಗಪೂಜೆ ಮಾಡುವುದು, ಇವೆಲ್ಲಕ್ಕೂ ಮೊಣಕಾಲು ಪೂರ್ತಿ ಮಡಿಯಬೇಕು. ಆದುದರಿಂದಲೇ ಹುಬ್ಬಳ್ಳಿಯಲ್ಲಿ ಕೀಲು ಬದಲಾಯಿಸಿಕೊಂಡು ಊರಿಗೆ ಮರಳಿದ ಭಕ್ತರು, “ಅಜ್ಜಾರ, ಇನ್ನ ಮ್ಯಾಲೆ ನೆಲಕ್ಕ ಕುಂಡ್ರಬಹುದೇನ್ರಿ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಶಸ್ತ್ರವೈದ್ಯರು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿರುವುದಕ್ಕೆ ಒಂದು ಇತಿಹಾಸವಿದೆ.

ಬರ್ಲಿನ್ನಿನ ಗ್ಲುಕ್ ಎಂಬ ವೈದ್ಯನು ೧೮೯೦ರಲ್ಲಿ ಕ್ಷಯದಿಂದ ಹಾಳಾದ ಮೊಣಕಾಲಿಗೆ ಆನೆಯ ದಂತದ ಕೀಲನ್ನು ಜೋಡಿಸಿದನು. ಅದು ಸೋಂಕಿಗೆ ಈಡಾಗಿ ಬಾಳಲಿಲ್ಲ. ಬಾಳುವ ಕೀಲು ದೊರೆತದ್ದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯವರಿಂದ. ಅವರು ಮೊದಲು ಸೊಂಟದ ಕೀಲಿನ ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು, ನೂರಾರು ರೋಗಿಗಳು ಮತ್ತೆ ತೊಂದರೆಗೆ ಒಳಗಾದರು. ೧೯೬೨ರ ನವೆಂಬರಿನಿಂದ ಪಾಲಿಎಥಿಲಿನ್ ಬಳಕೆಗೆ ಬಂದಿತು. ಆದರೆ ಸವೆತದ ಭಯ ಆ ತಲೆಮಾರಿನ ವೈದ್ಯರ ಮನಸ್ಸಿನಿಂದ ಮಾಯವಾಗಲಿಲ್ಲ. ಕೀಲು ಬದಲಾವಣೆಯು ಮುಖ್ಯವಾಗಿ ವಯಸ್ಸಾದವರಿಗೆ, ನೋವಿನ ನಿವಾರಣೆಗಾಗಿ. ನಡೆದಾಡಿದರೆ ಸಾಕು, ಅದಕ್ಕಿಂತ ಹೆಚ್ಚು ಬಯಸಬಾರದು ಎಂಬುದೇ ಅಂದಿನ ನಿಲುವು.

ಮೊಣಕಾಲಿನ ಆಧುನಿಕ ಕೀಲು ನ್ಯೂಯಾರ್ಕಿನಲ್ಲಿ ಇನ್ಸಾಲ್ ಮತ್ತು ಸಂಗಡಿಗರಿಂದ ೧೯೭೪ರಲ್ಲಿ ಬಳಕೆಗೆ ಬಂದಿತು. ಆ ಸಂಗಡಿಗರಲ್ಲಿ ಒಬ್ಬರು ಭಾರತೀಯ ಮೂಲದ ಚಿತ್ತರಂಜನ ರಾಣಾವತ್. ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರ ಮೊಣಕಾಲುಗಳಿಗೆ ೨೦೦೦ ಮತ್ತು ೨೦೦೧ರಲ್ಲಿ ಮುಂಬಯಿಯಲ್ಲಿ ಶಸ್ತ್ರಕ್ರಿಯೆ ಮಾಡಿದವರು ಇವರೇ. ಈ ಶಸ್ತ್ರಕ್ರಿಯೆಯ ಹೆಸರು ಹಳ್ಳಿಯ ಕಟ್ಟೆಗಳವರೆಗೂ ತಲುಪಿದ್ದು ಆಗಲೇ.

ವೈದ್ಯರ ನಿಲುವು ಸಡಿಲವಾದದ್ದು ಮೆಲ್ಲಮೆಲ್ಲಗೆ. ೧೯೯೫ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯವರು ತಮ್ಮ ಶಸ್ತ್ರವೈದ್ಯರನ್ನು ವಿಚಾರಿಸಿ ಒಂದು ಪಟ್ಟಿ ಪ್ರಕಟಿಸಿದರು. ಈಜು, ಸೈಕಲ್ ಸವಾರಿ, ಗಾಲ್ಫ್ ಆಡಬಹುದು. ಓಟ, ಫುಟ್‌ಬಾಲ್, ಕರಾಟೆ ಕೂಡದು ಎಂದಿತು ಆ ಪಟ್ಟಿ. ೧೯೯೮ರಲ್ಲಿ ಷ್ಮಾಲ್‌ಜ್ರೀಡ್ ಎಂಬ ವೈದ್ಯರು ರೋಗಿಗಳಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದಾಗ ದಿನಕ್ಕೆ ಸರಾಸರಿ ೫,೦೦೦ ಹೆಜ್ಜೆಗಳಾದವು. ಆದರೆ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ. ಕೀಲು ಸವೆಯುವುದು ಕಳೆದ ವರ್ಷಗಳಿಂದಲ್ಲ, ಬಳಕೆಯಿಂದ ಎಂಬ ಮಾತು ಇದರಿಂದ ಬಲಗೊಂಡಿತು. ಅದೇ ಹೊತ್ತಿಗೆ ಸವೆತ ಕಡಿಮೆಯಿರುವ ಹೊಸ ಪಾಲಿಎಥಿಲಿನ್ ಬಂದು ವೈದ್ಯರಿಗೆ ಧೈರ್ಯ ತುಂಬಿತು. ನಡಿಗೆ, ಈಜುಗಳನ್ನು ಈಗ ಯಾರೂ ಬೇಡವೆನ್ನುವುದಿಲ್ಲ, ಮಾಡಿರೆಂದೇ ಹೇಳುತ್ತಾರೆ. ಓಟದ ವಿಷಯದಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ.

ಆದರೆ ಆ ಪಟ್ಟಿಗಳಲ್ಲಿ ಗಾಲ್ಫ್ ಇದೆ, ಕಳೆ ತೆಗೆಯುವುದು ಇಲ್ಲ! ಕುರ್ಚಿಯ ಸಮಾಜ ಕೇಳಿಕೊಂಡ ಪ್ರಶ್ನೆಗಳಿಗೆ ಕುರ್ಚಿಯ ಸಮಾಜದ ಉತ್ತರಗಳು ಅವು. ಕುರ್ಚಿಯಿಂದ ಏಳಲು ಮೊಣಕಾಲು ಸುಮಾರು ೯೦ ಅಂಶ ಮಡಿದರೆ ಸಾಕು. ಕುಕ್ಕರಗಾಲಿಗೆ ೧೩೦ ಅಂಶಕ್ಕೂ ಮೀರಿ ಮಡಿಯಬೇಕು. ಏಷ್ಯದ ಜನರ ಈ ಅಗತ್ಯವನ್ನು ಮನಗಂಡು ಹೆಚ್ಚು ಬಾಗುವ ಕೀಲುಗಳನ್ನು ತಯಾರಿಸಿದರು. ಆದರೂ ಸಾಮಾನ್ಯ ಕೀಲಿಗಿಂತ ಅವು ಹೇಳಿಕೊಳ್ಳುವಷ್ಟು ಹೆಚ್ಚು ಬಾಗಲಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಶಸ್ತ್ರಕ್ರಿಯೆಗೆ ಮುಂಚೆ ಕಾಲು ಎಷ್ಟು ಮಡಿಯುತ್ತಿತ್ತೋ ಅದರ ಮೇಲೆಯೇ ಬಹುಮಟ್ಟಿಗೆ ಮುಂದಿನದೂ ನಿಂತಿದೆ. ವರ್ಷಗಟ್ಟಲೆ ನೋವು ನುಂಗಿ, ಕಾಲು ಸೆಟೆದ ಮೇಲೆ ಆಸ್ಪತ್ರೆ ಸೇರುವ ನಮ್ಮ ತಾಯಂದಿರಿಗೆ ಇದನ್ನು ಮೊದಲೇ ಹೇಳುವವರು ಬೇಕು. ಸೊಂಟದ ಕೀಲಿನವರ ಭಯ ಬೇರೆ: ಮೊದಲ ವಾರಗಳಲ್ಲಿ ತೀರ ಬಗ್ಗಿದರೆ, ಕಾಲ ಮೇಲೆ ಕಾಲು ಹಾಕಿದರೆ ಕೀಲು ತಪ್ಪೀತು.

ಪೂಜೆಗೆ ಎತ್ತರದ ಪೀಠದ ಮೇಲೆ ಕುಳಿತರೆ ನಿಷ್ಠೆಗೆ ಕುಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಹೊಲದ ಕೆಲಸದ ಮಾತು ಅಷ್ಟು ಸುಲಭವಲ್ಲ. ತಾನು ಕಳೆ ತೆಗೆಯುವವಳು, ಸಂಡಾಸಕ್ಕೆ ಕುಕ್ಕರಗಾಲಲ್ಲಿ ಕೂಡುವವಳು ಎಂಬುದನ್ನು ರೋಗಿಯು ಶಸ್ತ್ರಕ್ರಿಯೆಗೆ ಮೊದಲೇ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ವೈದ್ಯರು ತಾವಾಗಿ ಕೇಳದಿದ್ದರೂ ಹೇಳಬೇಕು.