ಗಾಜಿನ ನೂಲು, ಹಿತ್ತಲ ಕಾರು

ಗಾಜು ಎಂದೊಡನೆ ನಮಗೆ ನೆನಪಾಗುವುದು ಒಡೆಯುವ ಪದಾರ್ಥ. ಬಳೆ, ಸೀಸೆ, ಲಾಂದ್ರದ ಚಿಮಣಿ, ಯಾವುದಾದರೂ ಸರಿ, ಕೈ ತಪ್ಪಿದರೆ ಚೂರು. ಅಂತಹ ಗಾಜಿನಿಂದ ಮೋಟಾರು ಕಾರಿನ ಮೈ ಮಾಡಬಹುದು, ಅದನ್ನು ಗಂಟೆಗೆ ನೂರು ಮೈಲಿ ವೇಗದಲ್ಲಿ ಓಡಿಸಬಹುದು, ಆ ಮೈಯನ್ನು ಕಾರ್ಖಾನೆಯ ಬಾಗಿಲನ್ನೇ ಕಾಣದ ಗೃಹಸ್ಥನೊಬ್ಬ ತನ್ನ ಹಿತ್ತಲಲ್ಲಿಯೇ ಕಟ್ಟಬಹುದು ಎಂದರೆ ನಂಬುವುದು ಕಷ್ಟ. ಆದರೂ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸಾಮಾನ್ಯ ಜನ ಇದನ್ನು ಮಾಡಿ ತೋರಿಸಿದರು. ಮೋಟಾರಿನ ಚರಿತ್ರೆ ಬರೆಯುವವರು ದೊಡ್ಡ ಕಾರ್ಖಾನೆಗಳನ್ನು ವರ್ಣಿಸಿ ಮುಂದೆ ಹೋಗುತ್ತಾರೆ. ನನಗೆ ಈ ಹಿತ್ತಲಿನ ಅಧ್ಯಾಯವೇ ಹೆಚ್ಚು ಪ್ರಿಯ. ಒಂದು ವಸ್ತುವನ್ನು ಮಾಡುವ ಶಕ್ತಿ ಯಾರ ಕೈಯಲ್ಲಿರಬೇಕು ಎಂಬ ಹಳೆಯ ಪ್ರಶ್ನೆ ಅದರಲ್ಲಿ ಅಡಗಿದೆ.

ಮೊದಲು ಉಕ್ಕಿನ ವಿಚಾರ ನೋಡೋಣ. ಕಾರಿನ ಬಾಗುಬಳುಕಿನ ಮೈಯನ್ನು ಉಕ್ಕಿನ ತಗಡಿನಲ್ಲಿ ತೆಗೆಯಬೇಕಾದರೆ ಒಂದಕ್ಕೊಂದು ಕೂಡುವ ಎರಡು ಭಾರಿ ಅಚ್ಚುಗಳು ಬೇಕು. ಅವುಗಳ ನಡುವೆ ತಗಡನ್ನಿಟ್ಟು ನೂರಾರು ಟನ್ನಿನ ಭಾರದಿಂದ ಅದುಮುವ ಯಂತ್ರ ಬೇಕು. ಬಾಗಿಲಿಗೊಂದು ಜೊತೆ, ಬಾನೆಟ್ಟಿಗೊಂದು ಜೊತೆ, ಮಡ್‌ಗಾರ್ಡಿಗೊಂದು ಜೊತೆ. ಇಷ್ಟು ಅಚ್ಚುಗಳಿಗೆ ಹಾಕಿದ ಹಣ ಹಿಂದಿರುಗಬೇಕಾದರೆ ಒಂದೇ ರೂಪದ ಕಾರುಗಳನ್ನು ಲಕ್ಷಗಟ್ಟಲೆ ಮಾರಬೇಕು. ಹೀಗಲ್ಲದೆ ಅಲ್ಯುಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ರೂಪಿಸುವ ದಾರಿಯೂ ಉಂಟು. ಆದರೆ ಅದು ಹತ್ತಾರು ವರ್ಷ ಗುರುವಿನ ಕೈಕೆಳಗೆ ಪಳಗಿದವನಿಗೆ ಮಾತ್ರ ಒಲಿಯುವ ವಿದ್ಯೆ. ಹೀಗಾಗಿ ಕಾರಿನ ಮೈ ಮಾಡುವವನು ಒಂದೋ ಕುಬೇರನಾಗಿರಬೇಕು, ಇಲ್ಲವೇ ವಿಶ್ವಕರ್ಮನಾಗಿರಬೇಕು. ಎರಡೂ ಅಲ್ಲದವನಿಗೆ ಬಾಗಿಲು ಮುಚ್ಚಿತ್ತು.

ಬಾಗಿಲನ್ನು ತೆರೆದದ್ದು ಒಂದು ಆಕಸ್ಮಿಕ. 1932ರಲ್ಲಿ ಅಮೆರಿಕದ ಓವೆನ್ಸ್ ಇಲಿನಾಯ್ಸ್ ಗಾಜಿನ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಗಾಜಿನ ಇಟ್ಟಿಗೆಗಳನ್ನು ಬೆಸೆಯುವ ಪ್ರಯೋಗದಲ್ಲಿದ್ದಾಗ, ಒತ್ತಡದ ಗಾಳಿ ಕರಗಿದ ಗಾಜಿನ ಧಾರೆಗೆ ತಗುಲಿ ಗಾಜು ನವಿರಾದ ಎಳೆಗಳಾಗಿ ಹಾರಿತು. ಅದನ್ನು ಹಾಳೆಂದು ಗುಡಿಸಿ ಹಾಕಲಿಲ್ಲ; ಅದರಿಂದ ಹೊಸ ಉದ್ಯಮವೇ ಬೆಳೆದು 1938ರಲ್ಲಿ ಓವೆನ್ಸ್ ಕಾರ್ನಿಂಗ್ ಎಂಬ ಕಂಪನಿ ಹುಟ್ಟಿತು. ಯುದ್ಧ ಬಂದಾಗ ಈ ಎಳೆಗಳಿಗೆ ಪಾಲಿಯೆಸ್ಟರ್ ರೆಸಿನ್ ಎಂಬ ದ್ರವವನ್ನು ಕುಡಿಸಿ ಗಟ್ಟಿಯಾಗಿಸಿ ವಿಮಾನಗಳ ರೇಡಾರಿಗೆ ಮುಸುಕು ಮಾಡಿದರು. ಲೋಹ ರೇಡಾರಿನ ಅಲೆಗಳನ್ನು ತಡೆಯುತ್ತದೆ, ಗಾಜು ತಡೆಯುವುದಿಲ್ಲ.

ಇದರ ತತ್ತ್ವ ನಮ್ಮ ಅಜ್ಜಿಯರಿಗೆ ಹೊಸದೇನೂ ಆಗುತ್ತಿರಲಿಲ್ಲ. ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದೊಡನೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಅವರು ಬುಟ್ಟಿ ಮಾಡುತ್ತಿದ್ದರು. ಪಾತ್ರೆಯೇ ಅಚ್ಚು, ಕಾಗದವೇ ನಾರು, ಮೆಂತ್ಯವೇ ಅಂಟು. ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದೂ ಇದೇ ವಿವೇಕ: ಮಣ್ಣು ಆಕಾರ ಕೊಡುತ್ತದೆ, ಹುಲ್ಲು ಬಿರುಕು ಬಿಡದಂತೆ ಹಿಡಿದಿಡುತ್ತದೆ. ಫೈಬರ್‌ಗ್ಲಾಸಿನಲ್ಲಿ ಹುಲ್ಲಿನ ಜಾಗಕ್ಕೆ ಗಾಜಿನ ಎಳೆ, ಮಣ್ಣಿನ ಜಾಗಕ್ಕೆ ರೆಸಿನ್ ಬಂದಿತು. ಕುಲುಮೆ ಬೇಡ, ಒತ್ತುಯಂತ್ರ ಬೇಡ. ರೆಸಿನ್ನಿಗೆ ನೂರಕ್ಕೆ ಒಂದೆರಡು ಪಾಲಿನಷ್ಟು ಹಾರ್ಡನರ್ ಬೆರೆಸಿದರೆ ಮಾಮೂಲು ಹವೆಯಲ್ಲಿಯೇ ಕಲ್ಲಾಗುತ್ತದೆ.

1946ರಲ್ಲಿ ವಿಲಿಯಂ ಸ್ಟೌಟ್ ಎಂಬ ಎಂಜಿನಿಯರು ಓವೆನ್ಸ್ ಕಾರ್ನಿಂಗ್ ಕಂಪನಿಯೊಡನೆ ಸೇರಿ ಫೈಬರ್‌ಗ್ಲಾಸ್ ಮೈಯ ಒಂದು ಪ್ರಯೋಗದ ಕಾರನ್ನು ಕಟ್ಟಿದ. ಆದರೆ ಜನರ ಮನಸ್ಸಿಗೆ ಕಿಚ್ಚು ಹಚ್ಚಿದವನು ಕ್ಯಾಲಿಫೋರ್ನಿಯದಲ್ಲಿ ದೋಣಿ ಮಾಡುತ್ತಿದ್ದ ಬಿಲ್ ಟ್ರಿಟ್. ಇಂಗ್ಲೆಂಡಿನಲ್ಲಿ ದುಡಿದು ಮರಳಿದ ಅಮೆರಿಕದ ಯೋಧರಿಗೆ ಅಲ್ಲಿಯ ಎಂ.ಜಿ. ಮುಂತಾದ ಪುಟ್ಟ ಸ್ಪೋರ್ಟ್ಸ್ ಕಾರುಗಳ ಹುಚ್ಚು ಹತ್ತಿತ್ತು. ಕೆನ್ ಬ್ರೂಕ್ಸ್ ಎಂಬ ಸೇನಾಧಿಕಾರಿಗೆ ತನ್ನ ಹೆಂಡತಿಗಾಗಿ ಅಂತಹ ಕಾರೊಂದನ್ನು ಜೀಪಿನ ಷಾಸಿಯ ಮೇಲೆ ಕಟ್ಟಬೇಕೆಂಬ ಆಸೆ. ದೋಣಿಯ ಒಡಲನ್ನು ಎರಕ ಹೊಯ್ಯುವ ಕೈಗೆ ಕಾರಿನ ಮೈ ಅಸಾಧ್ಯವೇ? 1951ರಲ್ಲಿ ಆ ಕಾರು ಸಿದ್ಧವಾಯಿತು. ಟ್ರಿಟ್ಟನ ಗ್ಲಾಸ್‌ಪಾರ್ ಕಂಪನಿ ಅದೇ ಅಚ್ಚಿನಿಂದ ಮೈಗಳನ್ನು ತೆಗೆದು, ಹಳೆಯ ಷಾಸಿ ಇದ್ದವರಿಗೆ ಮಾರತೊಡಗಿತು. 1952ರಲ್ಲಿ ‘ಲೈಫ್’ ಪತ್ರಿಕೆ ಈ ಪ್ಲಾಸ್ಟಿಕ್ ಮೈಗಳ ವಿಷಯ ಬರೆದ ಮೇಲೆ ದೊಡ್ಡವರ ಕಣ್ಣೂ ಇತ್ತ ಹರಿಯಿತು. 1953ರ ಜನವರಿಯಲ್ಲಿ ಜನರಲ್ ಮೋಟರ್ಸ್ ತನ್ನ ಕಾರ್ವೆಟ್ಟನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿ, ಅದೇ ಜೂನ್ 30ರಂದು ತಯಾರಿಕೆ ಆರಂಭಿಸಿತು. ಆ ವರ್ಷ ಕಟ್ಟಿದ 300 ಕಾರುಗಳ ಮೈಯೂ ಫೈಬರ್‌ಗ್ಲಾಸಿನದೇ. ಆನೆ ನಡೆದದ್ದೇ ದಾರಿ ಎನ್ನುತ್ತೇವೆ; ಇಲ್ಲಿ ಇರುವೆ ತೋರಿದ ದಾರಿಯಲ್ಲಿ ಆನೆ ನಡೆಯಿತು.

ಇಂಗ್ಲೆಂಡಿನಲ್ಲಿ ಕಥೆ ಬೇರೆ. ಅಲ್ಲಿ ಜನರನ್ನು ಹಿತ್ತಲಿಗೆ ಅಟ್ಟಿದ್ದು ತೆರಿಗೆ. 1940ರಲ್ಲಿ ಬಂದ ಖರೀದಿ ತೆರಿಗೆ ಯುದ್ಧಾನಂತರ ಹೊಸ ಕಾರಿನ ಸಗಟು ಬೆಲೆಯ ಮೇಲೆ ಕೆಲವು ವರ್ಷ ನೂರಕ್ಕೆ 60ನ್ನು ಮುಟ್ಟಿತ್ತು. ಬಿಡಿ ಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಳ್ಳುವವನಿಗೆ ಮಾತ್ರ ಅದರ ಕಾಟವಿರಲಿಲ್ಲ. ಇತ್ತ 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಕಾರುಗಳು, ಹಳೆಯ ಫೋರ್ಡುಗಳು ಊರೂರಿನಲ್ಲಿ ಮೈ ತುಕ್ಕು ಹಿಡಿದು, ಷಾಸಿ ಮಾತ್ರ ಗಟ್ಟಿಯಾಗಿ ನಿಂತಿದ್ದವು. 1950ರ ದಶಕದ ನಡುವೆ ಆಷ್ಲಿ, ಫಾಲ್ಕನ್ ಮುಂತಾದ ಸಣ್ಣ ಕಂಪನಿಗಳು ಇವುಗಳಿಗೆ ಹೊಂದುವ ಫೈಬರ್‌ಗ್ಲಾಸ್ ಚಿಪ್ಪುಗಳನ್ನು ಮಾರತೊಡಗಿದವು. ಗುಮಾಸ್ತ, ಮೇಷ್ಟ್ರು, ಅಂಚೆಯವನು — ಇಟಲಿಯ ಕಾರಿನ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿಯೇ ತೃಪ್ತಿಪಡಬೇಕಾಗಿದ್ದವರು — ಶನಿವಾರ ಭಾನುವಾರ ತೋಳು ಮಡಿಸಿ ಕೆಲಸಕ್ಕೆ ಇಳಿದರು.

ಕೊಂಡು ತಂದ ಚಿಪ್ಪು ಕಾರಲ್ಲ, ಕಾರಿನ ಆಸೆ ಮಾತ್ರ. ಎಷ್ಟೋ ಚಿಪ್ಪುಗಳಲ್ಲಿ ಬಾಗಿಲನ್ನು ಕತ್ತರಿಸಿರುತ್ತಿರಲಿಲ್ಲ. ಗರಗಸ ಹಿಡಿದು ಕೊಯ್ದು, ಕೀಲು ಕೂರಿಸಿ, ಮುಂದಿನ ಗಾಜಿಗೆ ಚೌಕಟ್ಟು ಹೊಂದಿಸಿ, ತಂತಿಗಳನ್ನೆಳೆದು, ಎಂಜಿನ್ನಿಗೆ ಗಾಳಿಯ ದಾರಿ ಬಿಡುವುದೆಲ್ಲ ಕೊಂಡವನ ತಲೆಗೇ ಬಂತು. ಮದುವೆಯಾಯಿತು, ಮಗುವಾಯಿತು, ವರ್ಗವಾಯಿತು. ಅರ್ಧ ಕಟ್ಟಿದ ಕಾರು ಷೆಡ್ಡಿನಲ್ಲಿಯೇ ಕೋಳಿ ಗೂಡಾಯಿತು. ಹೀಗೆ ನಿಂತುಹೋದವು ಬಹಳ. ಮುಗಿಸಿದವನಿಗಾದರೋ ರಸ್ತೆಗಿಳಿದ ದಿನ ಸಿಕ್ಕ ಸಂತೋಷವನ್ನು ಯಾವ ಅಂಗಡಿಯೂ ಮಾರುತ್ತಿರಲಿಲ್ಲ.

ಸುಲಭವಾಗಿ ಮಾಡಬಹುದಾದ್ದನ್ನು ಸುಲಭವಾಗಿ ಕದಿಯಲೂಬಹುದು. ಈ ಚರಿತ್ರೆಯ ಕಹಿ ಪುಟ ಇದೇ. ಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬದುಕಿ ಬಂದ ಬ್ರೂಸ್ ಮೇಯರ್ಸ್ ಎಂಬಾತ ಕ್ಯಾಲಿಫೋರ್ನಿಯದಲ್ಲಿ ದೋಣಿಯ ಕೆಲಸ ಕಲಿತು, 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ಲಿನ ಭಾಗಗಳ ಮೇಲೆ ಮರಳುಗಾಡಿನಲ್ಲಿ ಓಡುವ ಪುಟ್ಟ ಫೈಬರ್ ಗಾಡಿಯೊಂದನ್ನು ಮಾಡಿದ. ಹೆಸರು ಮ್ಯಾಂಕ್ಸ್. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯ ಓಟದಲ್ಲಿ ಅದು ದಾಖಲೆ ಮುರಿದಾಗ ಎಲ್ಲರಿಗೂ ಅದೇ ಬೇಕಾಯಿತು. ಒಂದು ಮೈಯನ್ನು ಕೊಂಡು, ಮೇಣ ಸವರಿ, ಅದರ ಮೇಲೆಯೇ ಅಚ್ಚು ತೆಗೆದುಕೊಂಡರೆ ಮುಗಿಯಿತು. ನಕಲು ಮಾಡುವವರು ನಾಯಿಕೊಡೆಯಂತೆ ಎದ್ದರು. ಮೇಯರ್ಸ್ ನ್ಯಾಯಾಲಯಕ್ಕೆ ಹೋಗಿ ಸೋತ. 1971ರಲ್ಲಿ ಅವನ ಕಂಪನಿ ಮುಚ್ಚಿತು. ಹಿತ್ತಲಿನ ಸ್ವಾತಂತ್ರ್ಯವನ್ನು ಹೊಗಳುವ ನನ್ನಂಥವರು ಈ ಪುಟವನ್ನು ಮಗುಚಿ ಹಾಕಿ ಮುಂದೆ ಹೋಗುವುದು ನ್ಯಾಯವಲ್ಲ. ಮೊದಲು ಕಲ್ಪಿಸಿದವನಿಗೆ ಅನ್ನವಿಲ್ಲದೆ ಹೋದರೆ ಆ ಸ್ವಾತಂತ್ರ್ಯ ಎಷ್ಟು ದಿನದ್ದು?

ಒಂದು ಮನೆಗೆ ನಿಜವಾದದ್ದು ಒಂದು ದೇಶಕ್ಕೂ ನಿಜವಾಯಿತು. ಇಂಗ್ಲೆಂಡಿನ ಟಾಮ್‌ವರ್ತಿನ ರಿಲಯೆಂಟ್ ಕಂಪನಿ ಫೈಬರ್‌ಗ್ಲಾಸ್ ಮೈಯಲ್ಲಿ ನುರಿತದ್ದು. ಭಾರಿ ಅಚ್ಚುಗಳಿಗೆ ಬಂಡವಾಳವಿಲ್ಲದ ದೇಶಗಳಿಗೆ ಅದು ತನ್ನ ವಿದ್ಯೆಯನ್ನು ಮಾರಿತು. 1966ರಲ್ಲಿ ಟರ್ಕಿಯಲ್ಲಿ ತಯಾರಾಗತೊಡಗಿದ ಅನಾದೋಲ್ ಹೀಗೆ ಬಂದದ್ದು. ನಮ್ಮ ಬೆಂಗಳೂರಿಗೂ ಈ ದಾರಿ ಬಂದಿತ್ತು. 1982ರಲ್ಲಿ ಇಲ್ಲಿಯ ಸಿಪಾನಿ ಕಂಪನಿ ರಿಲಯೆಂಟಿನ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರನ್ನು ಹೊರತಂದಿತು. ಹಗುರವಾದ್ದರಿಂದ ಮೋಟಾರು ಪಂದ್ಯಗಳಲ್ಲಿ ಅದು ಹೆಸರು ಮಾಡಿತು. ಆದರೆ 1983ರ ಕೊನೆಯಲ್ಲಿ ಉಕ್ಕಿನ ಮೈಯ ಮಾರುತಿ ಬಂದ ಮೇಲೆ ಸಂಸಾರಸ್ಥರು ಅತ್ತ ತಿರುಗಿದರು.

ಇಂಗ್ಲೆಂಡಿನಲ್ಲಿಯೂ ಹಿತ್ತಲ ಕಾರಿನ ಸುಗ್ಗಿ ಅಷ್ಟರಲ್ಲಿ ಕಳೆದಿತ್ತು. 1958ರ ಆಸ್ಟಿನ್ ಹೀಲಿ ಸ್ಪ್ರೈಟ್, 1959ರ ಮಿನಿ, ಅಗ್ಗದ ಬೆಲೆಗೆ ಚುರುಕಾದ ಸಿದ್ಧ ಕಾರುಗಳಾಗಿ ಬಂದವು. 1960ರಲ್ಲಿ ಹಳೆಯ ವಾಹನಗಳಿಗೆ ಕಡ್ಡಾಯ ತಪಾಸಣೆ ಬಂದಿತು. 1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಬಿಡಿ ಭಾಗಗಳ ವಿನಾಯಿತಿಯೂ ಹೋಯಿತು.

ಆದರೂ ಆ ಮೈಗಳು ಸಾಯಲಿಲ್ಲ. ಉಕ್ಕಿಗೆ ತುಕ್ಕೇ ಯಮ. ಗಾಜಿಗೆ ಆ ಭಯವಿಲ್ಲ. ಅರವತ್ತು ಎಪ್ಪತ್ತು ವರ್ಷದ ಹಳೆಯ ಕಾರುಗಳನ್ನು ಇಂದು ಅಲ್ಲಿಯ ಜನ ಮತ್ತೆ ತಮ್ಮ ಷೆಡ್ಡುಗಳಲ್ಲಿಯೇ ರಿಪೇರಿ ಮಾಡುತ್ತಿದ್ದಾರೆ. ಬೆಂಗಳೂರಿನ ಫೈಬರ್ ಕೆಲಸದ ಷೆಡ್ಡುಗಳಲ್ಲಿ ನಿಂತು ನೋಡುವುದು ನನಗೊಂದು ಚಾಳಿ. ಅಲ್ಲಿ ಕಾಣುವ ಕ್ರಮವೂ ಇದೇ. ಹೊರಮೈಯಲ್ಲಿ ನಕ್ಷತ್ರದಂತೆ ಬಿರುಕು ಕಂಡರೆ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ. ಆರು ತಿಂಗಳಿಗೆ ಅದು ಮತ್ತೆ ಇಣುಕುತ್ತದೆ. ಬಿರುಕನ್ನು ಬುಡದವರೆಗೆ ಕೆರೆದು, ಗಾಯದ ಅಂಚನ್ನು ಅಗಲವಾಗಿ ಓರೆಯಾಗಿ ಉಜ್ಜಿ, ಹಿಂಬದಿಯಿಂದ ಗಾಜಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ಗಾಳಿಗುಳ್ಳೆಗಳನ್ನು ರೋಲರಿನಿಂದ ಅಟ್ಟಿಬಿಡಬೇಕು. ಪೂರ್ತಿ ಒಣಗಿದ ಮೇಲೆ ನೀರು ಹಾಕಿ ಉಪ್ಪುಕಾಗದದಿಂದ ತಿಕ್ಕಬೇಕು. ಬಣ್ಣಕ್ಕೆ ಆತುರ ಕೂಡದು. ಮೈ ಅಳಿಯದಿದ್ದರೂ ಒಳಗಿನ ಉಕ್ಕಿನ ಷಾಸಿ ಸದ್ದಿಲ್ಲದೆ ತುಕ್ಕು ತಿನ್ನುತ್ತಿರುತ್ತದೆ. ಅದನ್ನೂ ಬಗ್ಗಿ ನೋಡಬೇಕು.

ಈ ಕೆಲಸಕ್ಕೆ ದೇಹವೂ ತೆರಿಗೆ ಕಟ್ಟುತ್ತದೆ. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಉಸಿರಿಗೆ ಕೇಡು. ರೆಸಿನ್ನಿನ ಆವಿ ತಲೆ ತಿರುಗಿಸುತ್ತದೆ. ಹಾರ್ಡನರಿನ ಒಂದು ಹನಿ ಕಣ್ಣನ್ನೇ ಕಳೆಯಬಹುದು. ಕಿಟಕಿ ತೆರೆದು, ಕೈಗೆ ಗವಸು, ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಹಾಕಿಯೇ ಮಾಡಬೇಕಾದ ಕೆಲಸವಿದು. ನಮ್ಮ ಷೆಡ್ಡುಗಳ ಹುಡುಗರು ಬರಿ ಮೂಗಿನಲ್ಲಿ ಉಜ್ಜುವುದನ್ನು ಕಂಡಾಗಲೆಲ್ಲ ನನ್ನ ಉತ್ಸಾಹ ಕುಗ್ಗುತ್ತದೆ. ಅಲ್ಲಿಯವನು ರಜಾದಿನದ ಹವ್ಯಾಸಕ್ಕೆ ತೊಡುವ ಮುಸುಕು, ಇಲ್ಲಿ ಹೊಟ್ಟೆಪಾಡಿಗೆ ದುಡಿಯುವವನಿಗೆ ಇಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮನೆಯ ನಲ್ಲಿ ಸೋರಿದರೆ ಮಾತ್ರ ಇನ್ನೊಬ್ಬನಿಗೆ ಹೇಳಿಕಳುಹಿಸುತ್ತೇವೆ. ಕೊಂಡ ಕಾರು ನಿಂತರೆ ನಮಗೆ ತಿಳಿಯುವುದು ಅದು ನಿಂತಿದೆ ಎಂಬುದಷ್ಟೇ. ತಾನೇ ಕಟ್ಟಿದವನಿಗೆ ಅದರ ಪ್ರತಿಯೊಂದು ಸದ್ದಿನ ಹುಟ್ಟೂರೂ ಗೊತ್ತು. ಗಾಜಿನ ನೂಲು ಇಪ್ಪತ್ತೈದು ವರ್ಷ ಸಾಮಾನ್ಯನ ಕೈಗೆ ಕೊಟ್ಟದ್ದು ಈ ತಿಳಿವಳಿಕೆಯನ್ನು. ಕಾರು ಅದರ ಜೊತೆಗೆ ಬಂದ ಕೊಸರು.