ಕೆಪೆಸಿಟಬಿನ್ ಮಾತ್ರೆ ಮತ್ತು ಗದ್ದೆಯ ದುಡಿಮೆ: ತೊಣ್ಣೂರು ಸೀಮೆಯನ್ನು ಮುಂದಿಟ್ಟುಕೊಂಡು

ಕೀಮೋಥೆರಪಿ ಎಂದೊಡನೆ ಆಸ್ಪತ್ರೆಯ ಹಾಸಿಗೆ, ಕೈಗೆ ಚುಚ್ಚಿದ ಡ್ರಿಪ್ ಕಣ್ಣ ಮುಂದೆ ಬರುತ್ತವೆ. ದೊಡ್ಡ ಕರುಳು ಮತ್ತು ಸ್ತನದ ಕ್ಯಾನ್ಸರಿಗೆ ಕೊಡುವ ಕೆಪೆಸಿಟಬಿನ್ ಹಾಗಲ್ಲ, ಅದು ನುಂಗುವ ಮಾತ್ರೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಮೈಸೂರಿನಲ್ಲೋ ಚೀಟಿ ಬರೆಸಿಕೊಂಡು ಬಂದ ಮೇಲೆ ಚಿಕಿತ್ಸೆಯ ಬಹುಪಾಲು ಮನೆಯಲ್ಲೇ ನಡೆಯುತ್ತದೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಂಥ ಕಡೆ ಆ ಮನೆಯವರು ಭತ್ತದ ಕೆಸರಿಗೂ ಕಬ್ಬಿನ ಕೂಳೆಗೂ ಕಾಲಿಡುವವರು. ಅಡ್ಡಪರಿಣಾಮದ ಸಲಹೆ ಆ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ರೂಪುಗೊಳ್ಳಬೇಕು ಎಂಬುದು ಈ ಲೇಖನದ ವಾದ.

ಈ ಮಾತ್ರೆಯ ಮೂಲ 1957ರಲ್ಲಿ ಚಾರ್ಲ್ಸ್ ಹೈಡಲ್‌ಬರ್ಗರ್ ತಂಡ ಪ್ರಕಟಿಸಿದ 5-ಫ್ಲೂರೋಯುರಾಸಿಲ್. ಕೆಪೆಸಿಟಬಿನ್ ಯಕೃತ್ತಿನಲ್ಲಿ ಹಂತಹಂತವಾಗಿ ಮಾರ್ಪಟ್ಟು, ಗಡ್ಡೆಯಲ್ಲಿ ಹೆಚ್ಚಾಗಿರುವ ಥೈಮಿಡಿನ್ ಫಾಸ್ಫೊರಿಲೇಸ್ ಕಿಣ್ವದಿಂದ ಕೊನೆಗೆ ಅದೇ ಔಷಧವಾಗುತ್ತದೆ. ಜೀವಕೋಶ ಹೊಸ ಡಿಎನ್‌ಎ ಕಟ್ಟಿಕೊಳ್ಳುವುದನ್ನು ಅದು ತಡೆಯುತ್ತದೆ. ಬೇಗ ಬೇಗ ಹುಟ್ಟುವ ಕರುಳಿನ ಒಳಪದರದ ಕೋಶಗಳಿಗೂ ಪೆಟ್ಟು ಬೀಳುವುದರಿಂದ ಭೇದಿ, ಬಾಯಿಹುಣ್ಣು ಬರುತ್ತವೆ. ಔಷಧವನ್ನು ಕರಗಿಸುವ ಡಿಪಿಡಿ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಕೆಲವರಿಗೆ ಮೊದಲ ಸುತ್ತಿನಲ್ಲೇ ಇದು ಪ್ರಾಣಕ್ಕೆ ಎರವಾಗಬಹುದು.

ಸಾಮಾನ್ಯ ಕ್ರಮ 14 ದಿನ ಮಾತ್ರೆ, 7 ದಿನ ಬಿಡುವು. ದಿನಕ್ಕೆ ಎರಡು ಹೊತ್ತು, ಊಟವಾದ 30 ನಿಮಿಷದೊಳಗೆ ನುಂಗಬೇಕು. ಆದರೆ ನಂಬಿನಾರಾಯಣನ ಗುಡಿಯಿರುವ ತೊಣ್ಣೂರಿನಲ್ಲಿ ಏಕಾದಶಿಯ ಉಪವಾಸ ಹಿಡಿಯುವವರು ಇದ್ದೇ ಇರುತ್ತಾರೆ. ಚೀಟಿ ಬರೆಯುವ ಮುನ್ನವೇ ಉಪವಾಸದ ವಿಷಯ ಕೇಳಿ ತಿಳಿಯಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡುಪಟ್ಟು ನುಂಗಬಾರದು.

ಹೆಚ್ಚು ಗಮನ ಬೇಕಾದದ್ದು ಅಂಗೈ, ಅಂಗಾಲಿಗೆ. ಈ ಮಾತ್ರೆಯೊಂದನ್ನೇ ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅಲ್ಲಿ ಜುಮುಜುಮು, ಉರಿ, ಕೆಂಪು ಕಾಣಿಸುತ್ತದೆ. ಆಮೇಲೆ ಸಿಪ್ಪೆ ಸುಲಿದು, ಬೊಬ್ಬೆಯೆದ್ದು ಹೆಜ್ಜೆಯೂರಲಾಗದ ಸ್ಥಿತಿ ಬರಬಹುದು. ಒತ್ತಡ, ತಿಕ್ಕಾಟ, ಬಿಸಿ ಇದನ್ನು ಕೆರಳಿಸುತ್ತವೆ. ಕುಡುಗೋಲಿನ ಹಿಡಿ, ಬಿಸಿಲಿಗೆ ಕಾದ ಬದು, ಪಾತ್ರೆ ತೊಳೆಯುವ ಬಿಸಿನೀರು ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ‘ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ’ ಎಂಬ ಸಲಹೆ ನಾಟಿಗೆ ಇಳಿಯುವವರಿಗೆ ಅರ್ಧ ಸಲಹೆ ಮಾತ್ರ. ಮಾತ್ರೆಯ ದಿನಗಳಲ್ಲಿ ನಾಟಿ, ಕಟಾವು ಬೇರೆಯವರು ಮಾಡಲಿ ಎಂದು ಮನೆಯವರೆದುರೇ ಹೇಳಬೇಕು.

ದೆಹಲಿಯ ಏಮ್ಸ್‌ನಲ್ಲಿ 264 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1% ಡೈಕ್ಲೊಫೆನಾಕ್ ಜೆಲ್ ಹಚ್ಚಿದವರಲ್ಲಿ ಮಧ್ಯಮ ಅಥವಾ ತೀವ್ರ ಹಂತದ ಈ ಅಂಗೈ-ಅಂಗಾಲಿನ ತೊಂದರೆ 3.8%, ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ 15%. ನೋವಿನ ಈ ಅಗ್ಗದ ಜೆಲ್ ಹಳ್ಳಿಯ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಆದ್ದರಿಂದ ಈ ಫಲಿತಾಂಶ ದೊಡ್ಡದು. ಆದರೆ ಅಲ್ಲಿ ಜೆಲ್ ಹಚ್ಚಿದ್ದು ಕೈಗಳಿಗೆ; ಕೆಸರಲ್ಲಿ ನಿಂತ ಕಾಲಿಗೆ ಅದನ್ನೇ ಉತ್ತರವೆಂದು ಕೂಡಲೇ ಒಪ್ಪಲಾಗದು.

ದಿನಕ್ಕೆ ಮಾಮೂಲಿಗಿಂತ 4 ಸಲ ಹೆಚ್ಚು ಭೇದಿಯಾದರೆ, ರಾತ್ರಿ ಎದ್ದು ಹೋಗುವಂತಾದರೆ, ನಡೆಯಲು ನೋವಾದರೆ, 100.4 ಡಿಗ್ರಿ ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಅಂದೇ ಫೋನ್ ಮಾಡಬೇಕು. ನಿಲ್ಲಿಸಿದರೆ ರೋಗ ಮರಳೀತೆಂಬ ಹೆದರಿಕೆಯಿಂದ ಸಹಿಸಿಕೊಂಡು ನುಂಗುವವರಿದ್ದಾರೆ. ಹೀಗೆ ನಿಲ್ಲಿಸಿ, ಪ್ರಮಾಣ ಇಳಿಸುವುದು ಚಿಕಿತ್ಸೆಯದೇ ಭಾಗ ಎಂದು ವೈದ್ಯರು ಮೊದಲ ದಿನವೇ ಹೇಳಬೇಕು.

ಇನ್ನೊಂದು ತೊಡಕು ಬೆರಳಿನದು. ಈ ಮಾತ್ರೆ ದೀರ್ಘಕಾಲ ತೆಗೆದುಕೊಂಡವರ ಬೆರಳಚ್ಚು ಅಳಿಸಿಹೋಗಬಹುದು. ಸಿಂಗಪುರದ ರೋಗಿಯೊಬ್ಬರನ್ನು ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಡೆದ ಸಂಗತಿ 2009ರಲ್ಲಿ ವರದಿಯಾಯಿತು. ನಮ್ಮಲ್ಲಿ ಈ ತೊಡಕು ಎದುರಾಗುವುದು ಹೆಬ್ಬೆಟ್ಟು ಕೇಳುವ ನ್ಯಾಯಬೆಲೆ ಅಂಗಡಿಯಲ್ಲಿ. ಚಿಕಿತ್ಸೆ ಶುರುವಾಗುವಾಗಲೇ ಆಸ್ಪತ್ರೆ ಒಂದು ಪತ್ರ ಕೊಡಬೇಕು, ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿಕೊಳ್ಳಲು ತಿಳಿಸಬೇಕು.